ಪುಷ್ಕಿನ್ ಕಾವ್ಯ, ಷೇರು ಪೇಟೆ ಮತ್ತು ಅಕ್ಕನ ಸಂಧಿ ಪ್ರಕರಣ

ಎಂಜಿನಿಯರಿಂಗ್ ಗಣಿತದಲ್ಲಿ ಮಾರ್ಕೋವ್ ಚೈನ್ ಅಂತ ಒಂದು ಪಾಠ ಬರುತ್ತದೆ. ಬಿ.ಇ. ಓದಿದವರಿಗೆ ಅದರ ಲೆಕ್ಕ ನೆನಪಿರಬಹುದು. ಇವತ್ತು ಮಳೆ ಬಂದರೆ ನಾಳೆಯೂ ಬರುವ ಸಾಧ್ಯತೆ ಇಷ್ಟು, ಬಿಸಿಲಿದ್ದರೆ ಇಷ್ಟು, ಹಾಗಾದರೆ ಮೂರನೇ ದಿನ ಏನು? ಮ್ಯಾಟ್ರಿಕ್ಸ್ ಬರೆದು ಗುಣಿಸಿದರೆ ಏಳೋ ಎಂಟೋ ಅಂಕ ಗ್ಯಾರಂಟಿ. ಈ ಮಾರ್ಕೋವ್ ಯಾರು, ಅವನಿಗೆ ಈ ಲೆಕ್ಕ ಯಾಕೆ ಬೇಕಾಯಿತು ಎಂಬುದರ ಬಗ್ಗೆ ಮಾತ್ರ ನಮ್ಮ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಸೆಮಿಸ್ಟರ್ ರಜೆಯಲ್ಲಿ ಹುಡುಕಿ ಓದಿದೆ. ಆತ ತನ್ನ ಸರಪಳಿಯನ್ನು ಮೊದಲು ಪ್ರಯೋಗಿಸಿದ್ದು ಒಂದು ಕಾವ್ಯದ ಮೇಲೆ!

ಆಂದ್ರೇ ಮಾರ್ಕೋವ್ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಗಣಿತಜ್ಞ. ಭಾರಿ ಜಗಳಗಂಟ. ಮಾಸ್ಕೋದ ಪಾವೆಲ್ ನೆಕ್ರಾಸೊವ್ ಎಂಬ ಇನ್ನೊಬ್ಬ ಗಣಿತಜ್ಞನ ಜೊತೆ ಆತನಿಗೆ ವರ್ಷಗಟ್ಟಲೆ ಜಟಾಪಟಿ ನಡೆದಿತ್ತು. ಸರಾಸರಿಗಳು ಒಂದು ಸ್ಥಿರ ಮೌಲ್ಯಕ್ಕೆ ಬಂದು ನಿಲ್ಲಬೇಕಾದರೆ ಘಟನೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಸ್ವತಂತ್ರವಾಗಿರಲೇಬೇಕು ಎಂದು ನೆಕ್ರಾಸೊವ್ ವಾದಿಸಿದ್ದ. ಅಷ್ಟೇ ಅಲ್ಲ, ಅದನ್ನು ಮನುಷ್ಯನ ಸ್ವತಂತ್ರ ಇಚ್ಛೆಗೆ ಸಾಕ್ಷಿ ಎನ್ನುವ ತನಕ ಎಳೆದಿದ್ದ. ಹಾಗೇನೂ ಇಲ್ಲ, ಒಂದರ ಮೇಲೊಂದು ಅವಲಂಬಿಸಿದ ಘಟನೆಗಳೂ ಅದೇ ನಿಯಮ ಪಾಲಿಸಬಹುದು ಎಂದು ಮಾರ್ಕೋವ್ 1906ರಲ್ಲಿ ಕಾಗದದ ಮೇಲೆ ತೋರಿಸಿದ. ಆಮೇಲೆ ಉದಾಹರಣೆ ಬೇಕಲ್ಲ, ಪುಷ್ಕಿನ್ನನ ‘ಯೆವ್ಗೆನಿ ಒನೆಗಿನ್’ ಕೈಗೆತ್ತಿಕೊಂಡ.

ಆ ಪದ್ಯ ಕಾದಂಬರಿಯ ಮೊದಲ 20,000 ಅಕ್ಷರಗಳನ್ನು ಜಾಗವನ್ನೂ ವಿರಾಮ ಚಿಹ್ನೆಗಳನ್ನೂ ಬಿಟ್ಟು, ಹತ್ತು ಸಾಲು ಹತ್ತು ಕಾಲಮ್‌ಗಳ ಚೌಕಗಳಲ್ಲಿ ಬರೆದುಕೊಂಡ. ಅಂಥ 200 ಚೌಕಗಳು. ಆಮೇಲೆ ಯಾವುದು ಸ್ವರ, ಯಾವುದು ವ್ಯಂಜನ ಎಂದು ಕೈಯಲ್ಲೇ ಎಣಿಸಿದ. ಇವತ್ತು ಪೈಥಾನ್‌ನಲ್ಲಿ ನಾಲ್ಕು ಸಾಲಿನ ಕೆಲಸ. 1913ರ ಜನವರಿಯಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದೆ ಆತ ಇಟ್ಟ ಲೆಕ್ಕ ಹೀಗಿತ್ತು: ಸ್ವರಗಳು 8,638, ವ್ಯಂಜನಗಳು 11,362. ಅಂದರೆ ಕಣ್ಣು ಮುಚ್ಚಿ ಒಂದಕ್ಷರ ಮುಟ್ಟಿದರೆ ಅದು ಸ್ವರವಾಗಿರುವ ಸಾಧ್ಯತೆ ಶೇ 43. ಆದರೆ ಹಿಂದಿನ ಅಕ್ಷರ ವ್ಯಂಜನ ಅಂತ ಗೊತ್ತಿದ್ದರೆ ಆ ಸಾಧ್ಯತೆ ಶೇ 66ಕ್ಕೆ ಏರುತ್ತದೆ, ಸ್ವರ ಅಂತ ಗೊತ್ತಿದ್ದರೆ ಶೇ 13ಕ್ಕೆ ಇಳಿಯುತ್ತದೆ. ಒಂದೇ ಒಂದು ಅಕ್ಷರ ಹಿಂದಕ್ಕೆ ನೋಡಿದ್ದಕ್ಕೆ ಇಷ್ಟು ಲಾಭ.

ಇದಕ್ಕೆ 13 ವರ್ಷ ಮೊದಲು, 1900ರಲ್ಲಿ, ಪ್ಯಾರಿಸ್‌ನಲ್ಲಿ ಲೂಯಿ ಬಷೆಲಿಯೆ ಎಂಬ ವಿದ್ಯಾರ್ಥಿ ಅಲ್ಲಿನ ಷೇರು ಪೇಟೆಯ ಬೆಲೆಗಳ ಮೇಲೆ ಪ್ರಬಂಧ ಬರೆದಿದ್ದ. ಆತನ ಪ್ರಶ್ನೆಯೂ ಮುಂದೇನು ಬರುತ್ತದೆ ಎಂಬುದೇ, ಅಕ್ಷರದ ಬದಲು ಬೆಲೆ ಅಷ್ಟೆ. ಉತ್ತರ ಮಾತ್ರ ತದ್ವಿರುದ್ಧ: ನಿನ್ನೆ ಏರಿತು ಎಂಬುದರಿಂದ ನಾಳೆ ಏರುತ್ತದೋ ಇಳಿಯುತ್ತದೋ ತಿಳಿಯುವುದಿಲ್ಲ, ಬೆಲೆ ಕುಡುಕನಂತೆ ಗೊತ್ತುಗುರಿಯಿಲ್ಲದೆ ನಡೆಯುತ್ತದೆ. ಐನ್‌ಸ್ಟೈನ್ ನೀರಿನಲ್ಲಿ ತೇಲುವ ಕಣಗಳ ಅಲೆದಾಟಕ್ಕೆ ಬರೆದ 1905ರ ಗಣಿತ ಇದರಲ್ಲಿ ಆಗಲೇ ಇತ್ತು. ಪರೀಕ್ಷಕರಲ್ಲಿ ಒಬ್ಬರು ಆ ಕಾಲದ ಮಹಾ ಗಣಿತಜ್ಞ ಆನ್ರಿ ಪ್ವಾಂಕರೆ. ಆದರೂ ಅರ್ಥಶಾಸ್ತ್ರಜ್ಞರು ಆ ಪ್ರಬಂಧವನ್ನು ಗಂಭೀರವಾಗಿ ತೆಗೆದುಕೊಂಡಿದ್ದು ಅರ್ಧ ಶತಮಾನ ಕಳೆದ ಮೇಲೆ.

ಹೀಗೆ ಒಂದೇ ಪ್ರಶ್ನೆಗೆ ಎರಡು ಉತ್ತರ ಇಟ್ಟುಕೊಂಡು ಶತಮಾನ ಶುರುವಾಯಿತು. ನಡುವೆ 1948ರಲ್ಲಿ ಕ್ಲಾಡ್ ಶಾನನ್ ಬಂದ. ನಮ್ಮ ಇ.ಸಿ. ಬ್ರ್ಯಾಂಚಿನವರಿಗೆ ದೇವರಂಥ ಮನುಷ್ಯ. ಮಾರ್ಕೋವ್ ಸರಪಳಿಯಿಂದ ನಕಲಿ ಇಂಗ್ಲಿಷ್ ತಯಾರಿಸಲು ಆತ ಹೇಳಿಕೊಟ್ಟ ಉಪಾಯ ನನಗೆ ತುಂಬ ಇಷ್ಟ. ಒಂದು ಪುಸ್ತಕ ತೆಗೆಯಿರಿ, ಕಣ್ಣಿಗೆ ಬಿದ್ದ ಅಕ್ಷರ ಬರೆದುಕೊಳ್ಳಿ. ಬೇರೆ ಪುಟ ತೆಗೆದು ಅದೇ ಅಕ್ಷರ ಸಿಗುವ ತನಕ ಓದಿ, ಅದರ ಮುಂದಿನ ಅಕ್ಷರ ಬರೆದುಕೊಳ್ಳಿ. ಮತ್ತೆ ಇನ್ನೊಂದು ಪುಟ. ಹಿಂದಕ್ಕೆ ಹೆಚ್ಚು ಹೆಚ್ಚು ನೋಡಿದಷ್ಟೂ ಬರುವ ಸಾಲು ಇಂಗ್ಲಿಷಿಗೆ ಹತ್ತಿರವಾಗುತ್ತ ಹೋಗುತ್ತದೆ. ಹಾಸ್ಟೆಲ್‌ನಲ್ಲಿ ಕರೆಂಟ್ ಹೋದಾಗ ಮಾಡಿ ನೋಡಬಹುದು.

ಕತೆ ನಿಜಕ್ಕೂ ರೋಚಕವಾಗುವುದು 1960ರ ದಶಕದಲ್ಲಿ. ಪ್ರಿನ್ಸ್‌ಟನ್‌ನಲ್ಲಿ ಅಮೆರಿಕ ಸರ್ಕಾರಕ್ಕಾಗಿ ಗೂಢಲಿಪಿ ಒಡೆಯುವ ಗಣಿತಜ್ಞರ ಸಂಸ್ಥೆಯೊಂದಿತ್ತು. ಅಲ್ಲಿ ಲೆನಾರ್ಡ್ ಬೌಮ್, ಲಾಯ್ಡ್ ವೆಲ್ಚ್ ಸೇರಿ ಒಂದು ಅಲ್ಗಾರಿದಮ್ ಕಟ್ಟಿದರು. ಕಣ್ಣಿಗೆ ಕಾಣುವ ಸರಪಳಿಯ ಹಿಂದೆ ಕಾಣದ ಇನ್ನೊಂದು ಸರಪಳಿ ಇದ್ದರೆ ಅದನ್ನು ಊಹಿಸುವುದು ಹೇಗೆ? ಅಡುಗೆಮನೆಯಿಂದ ಬರುವ ಪಾತ್ರೆ ಸದ್ದಿನಿಂದ ಅಮ್ಮನ ಮೂಡ್ ಹೇಗಿದೆ ಅಂತ ನಾವು ಹೊರಗೆ ಕೂತೇ ಲೆಕ್ಕ ಹಾಕುವುದಿಲ್ಲವೇ, ಹಾಗೆ. ಇದಕ್ಕೆ ಹಿಡನ್ ಮಾರ್ಕೋವ್ ಮಾಡೆಲ್ ಎಂದು ಹೆಸರು. 1980ರಲ್ಲಿ ಕೇವ್ ಮತ್ತು ನ್ಯೂವರ್ತ್ ಎಂಬಿಬ್ಬರು ಇದೇ ಯಂತ್ರಕ್ಕೆ ಬರೀ ಇಂಗ್ಲಿಷ್ ಪಠ್ಯ ಕೊಟ್ಟು, ಒಳಗೆ ಎರಡು ಗುಪ್ತ ಸ್ಥಿತಿಗಳಿವೆ, ಹುಡುಕು ಎಂದರು. ಸ್ವರ ಅಂದರೇನು ವ್ಯಂಜನ ಅಂದರೇನು ಎಂದು ಯಾರೂ ಹೇಳಿಕೊಡದೆಯೇ ಅದು ಎರಡನ್ನೂ ಬೇರೆ ಬೇರೆ ಮಾಡಿಟ್ಟಿತು. ಮಾರ್ಕೋವ್ ಕೈಯಲ್ಲಿ ಎಣಿಸಿದ್ದನ್ನು ಯಂತ್ರ ತಾನಾಗಿಯೇ ಕಂಡುಕೊಂಡಂತಾಯಿತು.

ಬೌಮ್ ಇದ್ದ ಆ ಸಂಸ್ಥೆಯಲ್ಲೇ ಜಿಮ್ ಸೈಮನ್ಸ್ ಎಂಬ ಜ್ಯಾಮಿತಿ ತಜ್ಞನೂ ಕೆಲಸ ಮಾಡುತ್ತಿದ್ದ. 1978ರಲ್ಲಿ ಪ್ರಾಧ್ಯಾಪಕ ಹುದ್ದೆ ಬಿಟ್ಟು ಟ್ರೇಡಿಂಗ್‌ಗೆ ಇಳಿದಾಗ ಆತ ಕರೆದುಕೊಂಡಿದ್ದು ಇದೇ ಬೌಮ್‌ನನ್ನು. ಆ ಕಂಪನಿಯೇ ಮುಂದೆ ರೆನೈಸಾನ್ಸ್ ಟೆಕ್ನಾಲಜೀಸ್ ಆಯಿತು. 1993ರಲ್ಲಿ ಅಲ್ಲಿಗೆ ಐಬಿಎಂನಿಂದ ಪೀಟರ್ ಬ್ರೌನ್, ರಾಬರ್ಟ್ ಮರ್ಸರ್ ಬಂದರು. ಷೇರಿನ ಗಂಧಗಾಳಿ ಇಲ್ಲದ ಇಬ್ಬರು. ಐಬಿಎಂನಲ್ಲಿ ಅವರ ಕೆಲಸ ಮಾತನ್ನು ಅಕ್ಷರಕ್ಕಿಳಿಸುವುದು, ಕೆನಡಾ ಸಂಸತ್ತಿನ ಕಲಾಪಗಳ ಇಂಗ್ಲಿಷ್ ಮತ್ತು ಫ್ರೆಂಚ್ ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ಕಂಪ್ಯೂಟರಿಗೆ ಅನುವಾದ ಕಲಿಸುವುದು. ಮುಂದಿನ ಪದ ಊಹಿಸುವ ವಿದ್ಯೆಯನ್ನು ಮುಂದಿನ ಬೆಲೆಗೆ ತಿರುಗಿಸಿದರು. ಸೈಮನ್ಸ್ ನಂತರ ಆ ಸಂಸ್ಥೆಯ ಮುಖ್ಯಸ್ಥರಾದದ್ದೂ ಅವರಿಬ್ಬರೇ. ಅದರ ಮೆಡಾಲಿಯನ್ ಫಂಡ್ 1988ರಿಂದ 2018ರವರೆಗೆ, ಶುಲ್ಕ ಕಳೆಯುವ ಮುನ್ನ, ವರ್ಷಕ್ಕೆ ಸರಾಸರಿ ಶೇ 66ರಷ್ಟು ಗಳಿಸಿತು ಎಂದು ಪತ್ರಕರ್ತ ಗ್ರೆಗರಿ ಝುಕರ್‌ಮನ್ ದಾಖಲಿಸಿದ್ದಾರೆ.

ಈ ಶೇ 66 ನಮ್ಮ ಹಾಸ್ಟೆಲ್‌ಗೆ ಬಂದರೆ ಏನಾಗುತ್ತದೆ ಹೇಳುತ್ತೇನೆ. ನಮ್ಮ ಫ್ಲೋರ್‌ನಲ್ಲಿ ಆಪ್ಷನ್ ಟ್ರೇಡಿಂಗ್ ಮಾಡುವವರು ಕನಿಷ್ಠ ಆರು ಜನ. ಕ್ಯಾಂಡಲ್ ಚಾರ್ಟ್ ನೋಡಿ ‘ಇನ್ನು ಮೇಲಕ್ಕೇ ಹೋಗೋದು ಮಚ್ಚಾ’ ಎನ್ನುತ್ತಾರೆ. ಒಬ್ಬ ಪರೀಕ್ಷಾ ಶುಲ್ಕಕ್ಕೆಂದು ಮನೆಯಿಂದ ತಂದ ದುಡ್ಡು ಒಂದು ಗುರುವಾರದಲ್ಲಿ ಕಳೆದ, ನಾವೆಲ್ಲ ಸೇರಿ ಫೀಸು ಕಟ್ಟಿದೆವು. ಸೆಬಿಯ ಅಧ್ಯಯನದ ಪ್ರಕಾರ 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಷೇರು ಎಫ್ ಆ್ಯಂಡ್ ಒ ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ವೈಯಕ್ತಿಕ ಟ್ರೇಡರ್‌ಗಳಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದ್ದಾರೆ. ಅವರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ. 2023–24ರಲ್ಲಿ ಈ ಟ್ರೇಡರ್‌ಗಳ ಪೈಕಿ 30 ವರ್ಷದೊಳಗಿನವರು ಶೇ 43. ಅಂದರೆ ನಾವೇ.

ಸೈಮನ್ಸ್‌ಗೆ ಸಾಧ್ಯವಾದದ್ದು ನಮ್ಮ ಹುಡುಗರಿಗೆ ಯಾಕೆ ಆಗುವುದಿಲ್ಲ? ಕಂಪ್ಯೂಟರ್, ಬಂಡವಾಳ ಎಲ್ಲ ಇದ್ದದ್ದೇ. ನನಗೆ ಮುಖ್ಯ ಅನ್ನಿಸುವುದು ಬೇರೆ. ಮಾರ್ಕೋವ್ ಎಣಿಸಿದ ಅಂತ ಪುಷ್ಕಿನ್ನನ ಒಂದಕ್ಷರವೂ ಜಾಗ ಬದಲಿಸಲಿಲ್ಲ. ನಾಳೆ ನೀವು ಎಣಿಸಿದರೂ ಅದೇ 8,638. ಷೇರು ಪೇಟೆ ಹಾಗಲ್ಲ. ಪ್ರತಿ ಶುಕ್ರವಾರ ಒಂದು ಷೇರು ಏರುತ್ತದೆ ಎಂದು ಎಲ್ಲರಿಗೂ ಗೊತ್ತಾದರೆ ಗುರುವಾರವೇ ಎಲ್ಲರೂ ಕೊಳ್ಳುತ್ತಾರೆ, ಶುಕ್ರವಾರದ ಏರಿಕೆ ಅಲ್ಲಿಗೆ ಮುಗಿಯಿತು. ಎಣಿಸುವವನನ್ನು ನೋಡಿ ತಾನೇ ಬದಲಾಗುವ ಪಠ್ಯ ಅದು. ಯೂಟ್ಯೂಬ್‌ನಲ್ಲಿ ಲಕ್ಷಾಂತರ ಜನ ನೋಡಿದ ‘ಸೀಕ್ರೆಟ್ ಪ್ಯಾಟರ್ನ್’ ಸೀಕ್ರೆಟ್ ಹೇಗಾದೀತು?

ಹಾಗಾದರೆ ಬೆಲೆಗಳಲ್ಲಿ ಯಾರೂ ಕಾಣದ ವಿನ್ಯಾಸ ಉಳಿದಿರಲು ಸಾಧ್ಯವೇ ಇಲ್ಲವೇ? ಇಲ್ಲಿ ಲೆಕ್ಕಕ್ಕೆ ನನ್ನ ಅಕ್ಕ ಬರುತ್ತಾಳೆ. ಅವಳು ಕನ್ನಡ ಎಂ.ಎ. ಓದುತ್ತಿದ್ದಾಳೆ. ಮದುವೆ ಮನೆಗಳಲ್ಲಿ ‘ತಮ್ಮ ಬಿ.ಇ. ಅಂತೆ, ಒಳ್ಳೇದು. ನೀನು ಕನ್ನಡ ಓದಿ ಏನ್ ಮಾಡ್ತೀಯಮ್ಮ?’ ಎಂಬ ಪ್ರಶ್ನೆಗೆ ನಗುತ್ತಾ ಎಲೆ ಮುಂದೆ ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದಾಳೆ. ನಾನು ನೋಟ್ ಪುಸ್ತಕದಲ್ಲಿ ಹತ್ತು ದಿನದ ಬೆಲೆಯನ್ನು ಏರಿಕೆಗೊಂದು ಗೀಟು, ಇಳಿಕೆಗೊಂದು ಕೊಂಕು ಎಂದು ಗುರುತು ಹಾಕುತ್ತಿದ್ದೆ. ಅವಳು ಬಗ್ಗಿ ನೋಡಿ, ‘ಏನೋ ಇದು, ಪ್ರಸ್ತಾರ ಹಾಕ್ತಿದೀಯ?’ ಅಂದಳು.

ಹೈಸ್ಕೂಲಿನಲ್ಲಿ ನಾವೆಲ್ಲ ಲಘು ಗುರು ಹಾಕಿದ್ದೇವೆ. ಆದರೆ ಛಂದಸ್ಸಿನಲ್ಲಿ ಪ್ರಸ್ತಾರಕ್ಕೆ ಇನ್ನೊಂದು ಅರ್ಥವಿದೆ ಎಂದು ಅವಳು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಇಷ್ಟು ಅಕ್ಷರದ ಪಾದದಲ್ಲಿ ಲಘು ಗುರುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೋ ಅಷ್ಟನ್ನೂ ಒಂದೂ ಬಿಡದೆ ಕ್ರಮವಾಗಿ ಬರೆಯುವುದು. ಪಿಂಗಳನ ಛಂದಃಶಾಸ್ತ್ರದಲ್ಲೇ ಇದಕ್ಕೆ ಸೂತ್ರಗಳಿವೆ. ನಾವು ಸೊನ್ನೆ ಒಂದು ಬರೆದು ಕಲಿಯುವ ಟ್ರೂತ್ ಟೇಬಲ್ ಇದೇ. ಹತ್ತು ಅಕ್ಷರಕ್ಕೆ 1,024 ವೃತ್ತಗಳು, ಹತ್ತು ದಿನದ ಏರಿಳಿತಕ್ಕೂ ಅಷ್ಟೇ. ಈಗ ಆ 1,024 ವಿನ್ಯಾಸಗಳಲ್ಲಿ ಪ್ರತಿಯೊಂದಕ್ಕೂ ಕೊಳ್ಳು, ಮಾರು, ಸುಮ್ಮನಿರು ಎಂದು ಮೂರರಲ್ಲೊಂದು ಆಯ್ದುಕೊಂಡರೆ ಒಂದು ತಂತ್ರವಾಯಿತು. ಅಂಥ ತಂತ್ರಗಳು ಒಟ್ಟು ಎಷ್ಟು? 3ನ್ನು 1,024 ಸಲ ಗುಣಿಸಬೇಕು. 489 ಅಂಕಿಗಳ ಸಂಖ್ಯೆ! ಎಲ್ಲವನ್ನೂ ಪರೀಕ್ಷಿಸಿ ಮುಗಿಸುವ ಕಂಪ್ಯೂಟರ್ ಹುಟ್ಟಿಲ್ಲ.

ಥಿಯರಿ ಓದುವವರಿಗೆ ಇಲ್ಲಿ ಕಿವಿ ನೆಟ್ಟಗಾಗುತ್ತದೆ. ತುಂಬಿದ ಸುಡೊಕು ಸರಿಯಿದೆಯೇ ಎಂದು ನೋಡುವುದು ಸುಲಭ, ತುಂಬುವುದು ಕಷ್ಟ. ಪರಿಶೀಲಿಸುವುದು ಸುಲಭವಾದ ಲೆಕ್ಕಗಳೆಲ್ಲ ಬಿಡಿಸಲೂ ಸುಲಭವೇ ಎಂಬುದೇ ಪಿ ಮತ್ತು ಎನ್‌ಪಿ ಪ್ರಶ್ನೆ. 2000ದಲ್ಲಿ ಕ್ಲೇ ಸಂಸ್ಥೆ ಇದಕ್ಕಿಟ್ಟ ಹತ್ತು ಲಕ್ಷ ಡಾಲರ್ ಬಹುಮಾನ ಇನ್ನೂ ಹಾಗೇ ಇದೆ. 2011ರಲ್ಲಿ ಫಿಲಿಪ್ ಮೇಮಿನ್ ಎಂಬ ಹಣಕಾಸು ಸಂಶೋಧಕ ಪ್ರಕಟಿಸಿದ ಲೇಖನದ ವಾದ ಇದು: ಹಳೆಯ ಬೆಲೆಗಳಲ್ಲಿರುವ ಮಾಹಿತಿಯನ್ನೆಲ್ಲ ಮಾರುಕಟ್ಟೆ ಹೀರಿಕೊಂಡಿರಬೇಕಾದರೆ ಪಿ ಮತ್ತು ಎನ್‌ಪಿ ಒಂದೇ ಆಗಿರಬೇಕು. ಬಹುತೇಕ ಕಂಪ್ಯೂಟರ್ ವಿಜ್ಞಾನಿಗಳು ಅವೆರಡೂ ಒಂದಲ್ಲ ಎಂದೇ ನಂಬಿದ್ದಾರೆ. ಅಂದರೆ ಯಾರೂ ಕಾಣದ ವಿನ್ಯಾಸ ಎಲ್ಲೋ ಉಳಿದಿರಬಹುದು, ಹುಡುಕುವುದೇ ಅಸಾಧ್ಯದ ಮಾತು. ಎಲ್ಲರೂ ಒಪ್ಪಿದ ಪ್ರಮೇಯವೇನಲ್ಲ. ಆದರೆ ನನ್ನ ಸೆಮಿನಾರ್‌ಗೆ ನಾನು ಇದನ್ನೇ ಆಯ್ದುಕೊಂಡೆ. ಕ್ಲಾಸಿನಲ್ಲಿ ಬಂದ ಮೊದಲ ಪ್ರಶ್ನೆ, ‘ಪ್ಲೇಸ್‌ಮೆಂಟ್‌ನಲ್ಲಿ ಇದನ್ನ ಕೇಳ್ತಾರಾ?’ ಟ್ರೇಡಿಂಗ್ ಕಂಪನಿಗಳ ಇಂಟರ್‌ವ್ಯೂಗಳಲ್ಲಿ ಸಂಭವನೀಯತೆಯ ಲೆಕ್ಕ ಕೇಳುವುದಂತೂ ನಿಜ. ಪ್ರಸ್ತಾರ ಕೇಳುವುದಿಲ್ಲ.

ಅಕ್ಕನಿಗೆ ಮಾರ್ಕೋವ್ ಹಿಡಿಸಿಬಿಟ್ಟ. ಕನ್ನಡದಲ್ಲಿ ಎಣಿಸೋಣ ಅಂದಳು. ಕನ್ನಡದ ಕಷ್ಟ ಏನೆಂದರೆ ‘ಕ’ ಎಂದು ಬರೆದರೆ ಅದರೊಳಗೆ ‘ಅ’ ಅಡಗಿ ಕೂತಿರುತ್ತದೆ. ಕಂಪ್ಯೂಟರ್ ಕೂಡ ಅದನ್ನು ಬೇರೆಯಾಗಿ ಉಳಿಸಿಕೊಳ್ಳುವುದಿಲ್ಲ. ಹಾಗಾಗಿ ಗುಣಿತಾಕ್ಷರ ಬಿಡಿಸಿ ಕ್+ಅ, ಮ್+ಅ ಎಂದು ಚೌಕಗಳಲ್ಲಿ ಬರೆದೆವು. ಪೇಪರಿನ ಸಂಪಾದಕೀಯದಿಂದ ಶುರು ಮಾಡಿದೆವು. ಸ್ವರದ ಪಕ್ಕ ಸ್ವರ ತೀರಾ ಅಪರೂಪ, ಅದೂ ಒಂದು ಪದ ಮುಗಿದು ಇನ್ನೊಂದು ಶುರುವಾಗುವ ಕಡೆ ಮಾತ್ರ. ನಾನು ಇದು ಒಳ್ಳೆಯ ಡೇಟಾ ಎಂದು ಖುಷಿಪಟ್ಟೆ. ಅಕ್ಕ ನಕ್ಕಳು. ‘ಸ್ವರದ ಮುಂದೆ ಸ್ವರ ಬಂದ್ರೆ ಕನ್ನಡ ಬಿಡುತ್ತೇನೋ? ಊರು ಅಲ್ಲಿ ಸೇರಿ ಊರಲ್ಲಿ, ಒಂದು ಸ್ವರ ಲೋಪ. ಮನೆ ಅಲ್ಲಿ ಸೇರಿ ಮನೆಯಲ್ಲಿ, ನಡುವೆ ಯಕಾರ ಆಗಮ. ಗುರು ಅನ್ನು ಸೇರಿ ಗುರುವನ್ನು, ವಕಾರ. ಎಂಟನೇ ಕ್ಲಾಸಲ್ಲಿ ಬಾಯಿಪಾಠ ಮಾಡಿದ್ದೆಯಲ್ಲ.’

ನನ್ನ ಚೌಕ ಎಷ್ಟು ಸಲ ಎಂಬುದನ್ನು ಹೇಳುತ್ತಿತ್ತು, ಅವಳ ಸಂಧಿ ಪ್ರಕರಣ ಯಾಕೆ ಎಂಬುದನ್ನು ಹೇಳಿತು. ಬ್ರೌನ್ ಮತ್ತು ಮರ್ಸರ್‌ಗೆ ಯಾಕೆ ಎಂಬುದು ಬೇಕಾಗಲಿಲ್ಲ, ಮುಂದಿನ ಬೆಲೆ ಸಿಕ್ಕರೆ ಸಾಕಿತ್ತು. ಅಕ್ಕನಿಗೆ ಅದಿಲ್ಲದೆ ನಿದ್ದೆ ಬರುವುದಿಲ್ಲ.

ಅವಳ ಮುಂದಿನ ಪ್ರಶ್ನೆ ಇನ್ನೂ ಚೆನ್ನಾಗಿತ್ತು. ಹಳಗನ್ನಡದಲ್ಲಿ ಪಾಲ್, ಕಣ್ ಎಂದು ವ್ಯಂಜನದಲ್ಲೇ ಮುಗಿಯುವ ಪದಗಳು ಬೇಕಾದಷ್ಟಿವೆ. ಹೊಸಗನ್ನಡದಲ್ಲಿ ಅವು ಹಾಲು, ಕಣ್ಣು ಆಗಿ ಸ್ವರ ಅಂಟಿಸಿಕೊಂಡವು. ಹಾಗಾದರೆ ಪಂಪನ ಪುಟದಲ್ಲಿ ವ್ಯಂಜನದ ಪಕ್ಕ ವ್ಯಂಜನ ಬರುವ ಪ್ರಮಾಣ ಇವತ್ತಿನ ಪೇಪರಿಗಿಂತ ಎಷ್ಟು ಹೆಚ್ಚಿರಬಹುದು? ಕೋಡ್ ಬರೀತೀನಿ ಎಂದೆ. ಬೇಡ, ಮೊದಲು ಕೈಯಲ್ಲಿ ಎಣಿಸೋಣ, ಕಣ್ಣಿಗೆ ಏನಾದರೂ ಬೀಳಬಹುದು ಎಂದಳು. ಮಾರ್ಕೋವ್‌ನಷ್ಟೇ 20,000 ಅಕ್ಷರ ಅಂತ ಗುರಿ ಇಟ್ಟುಕೊಂಡಿದ್ದೇವೆ. ನಾನು ಹಾಸ್ಟೆಲ್‌ಗೆ ವಾಪಸಾಗುವ ಹೊತ್ತಿಗೆ ಎರಡು ಚೌಕ ಮುಗಿದಿದ್ದವು. ಇನ್ನು 198 ಚೌಕ ಬಾಕಿ.