ದುಡಿಯುವವರ ಬಿಡುವಿಗೆ ಹೊಂದಿಕೊಂಡ ತರಗತಿ

ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ 1988ರಲ್ಲಿ ‘ಡಿಟಿ200’ ಎಂಬ ಕೋರ್ಸ್ ಆರಂಭಿಸಿತು. ವಿಷಯ ಮಾಹಿತಿ ತಂತ್ರಜ್ಞಾನದ ಪರಿಚಯ. ಸೇರಿದವರು ಸುಮಾರು 1,300 ಮಂದಿ. ವಿದ್ಯಾರ್ಥಿ ಮನೆಯ ಕಂಪ್ಯೂಟರಿಗೆ ಮೋಡೆಮ್ ಸಿಕ್ಕಿಸಿ, ಫೋನ್ ಲೈನ್ ಮೂಲಕ ವಿಶ್ವವಿದ್ಯಾಲಯದ ಯಂತ್ರವನ್ನು ತಲುಪಬೇಕಿತ್ತು. ಅಲ್ಲಿ ‘ಕೋಸಿ’ ಎಂಬ ಚರ್ಚಾ ತಂತ್ರಾಂಶ ಕಾದಿರುತ್ತಿತ್ತು. ಅದನ್ನು ರೂಪಿಸಿದ್ದು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯ. ಪರದೆಯ ಮೇಲೆ ಕಾಣುತ್ತಿದ್ದುದು ಅಕ್ಷರಗಳಷ್ಟೇ. ಸಂಪರ್ಕದಲ್ಲಿದ್ದಷ್ಟು ಹೊತ್ತೂ ಫೋನ್ ಬಿಲ್ ಏರುತ್ತಿತ್ತು. ವರ್ಲ್ಡ್ ವೈಡ್ ವೆಬ್ ಇನ್ನೂ ಹುಟ್ಟಿರಲಿಲ್ಲ. ವಯಸ್ಕರಿಗಾಗಿ ದೊಡ್ಡ ಪ್ರಮಾಣದಲ್ಲಿ ನಡೆದ ಮೊದಮೊದಲ ಆನ್‌ಲೈನ್ ಪಾಠಗಳಲ್ಲಿ ಇದೂ ಒಂದು.

ಯಂತ್ರ ಹೊಸದು, ಪಾಠ ಕಟ್ಟುವ ಕ್ರಮ ಹಳೆಯದು. ಲೇಬರ್ ಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್ 1963ರಲ್ಲಿ ಗ್ಲಾಸ್ಗೋದಲ್ಲಿ ಮಾಡಿದ ಭಾಷಣದಲ್ಲಿ ರೇಡಿಯೊ, ಟೆಲಿವಿಷನ್ ಮೂಲಕ ಕಲಿಸುವ ವಿಶ್ವವಿದ್ಯಾಲಯದ ಮಾತೆತ್ತಿದರು. ಅದನ್ನು ಹಟ ಹಿಡಿದು ಸಾಧಿಸಿದವರು ಸಚಿವೆ ಜೆನ್ನಿ ಲೀ, ಗಣಿ ಕಾರ್ಮಿಕನ ಮಗಳು. ಸೇರಲು ಯಾವ ಪ್ರಮಾಣಪತ್ರವೂ ಬೇಡ, ಆದರೆ ಪದವಿಯ ಮಟ್ಟ ಬೇರೆಲ್ಲ ವಿಶ್ವವಿದ್ಯಾಲಯಗಳಿಗೆ ಸಮನಾಗಿರಬೇಕು ಎಂಬ ಎರಡೂ ಮಾತನ್ನು ಅವರು ಬಿಟ್ಟುಕೊಡಲಿಲ್ಲ. ಮುಕ್ತ ವಿಶ್ವವಿದ್ಯಾಲಯಕ್ಕೆ 1969ರಲ್ಲಿ ರಾಜಸನ್ನದು ಸಿಕ್ಕಿತು. 1971ರ ಜನವರಿಯಲ್ಲಿ ಸುಮಾರು 24,000 ಮಂದಿ ಕಲಿಯಲು ಕುಳಿತರು.

ಶಾಲೆ ಬಿಟ್ಟು ಎಷ್ಟೋ ವರ್ಷವಾಗಿದ್ದ ಗುಮಾಸ್ತರು, ಗೃಹಿಣಿಯರು, ಕಾರ್ಖಾನೆಯವರು ಅವರಲ್ಲಿದ್ದರು. ಇಂಥವರಿಗೆ ಓದಲು ಸಿಗುವುದು ದಿನದ ಕೆಲಸವೆಲ್ಲ ಮುಗಿದ ಮೇಲಿನ ಒಂದೆರಡು ಗಂಟೆ. ಅರ್ಥವಾಗದ ಸಾಲನ್ನು ತಕ್ಷಣ ಕೇಳಿ ತಿಳಿಯಲು ಪಕ್ಕದಲ್ಲಿ ಮೇಷ್ಟರಿಲ್ಲ. ಹಾಗಾಗಿ ವಾರಕ್ಕೆ ಇಷ್ಟು ಗಂಟೆಯ ಓದು ಎಂದು ಮೊದಲೇ ಲೆಕ್ಕ ಹಾಕಿ, ಆ ಅಳತೆಗೆ ಪಾಠವನ್ನು ಕತ್ತರಿಸುವುದು ಯೋಜನೆಯ ಮೊದಲ ಕೆಲಸವಾಯಿತು. ಇಂದಿನ ಎಷ್ಟೋ ಆನ್‌ಲೈನ್ ಕೋರ್ಸ್‌ಗಳು ಎಡವುವುದು ಈ ಲೆಕ್ಕದಲ್ಲೇ.

ಪಾಠ ಬರೆಯುವುದನ್ನು ಒಬ್ಬರಿಗೆ ವಹಿಸಲಿಲ್ಲ. ವಿಷಯತಜ್ಞರು, ಬಿಬಿಸಿ ನಿರ್ಮಾಪಕರು, ಸಂಪಾದಕರು, ಕಲಿಕೆಯ ವಿನ್ಯಾಸ ಬಲ್ಲವರು ಸೇರಿದ ‘ಕೋರ್ಸ್ ತಂಡ’ ಪ್ರತಿ ಕರಡನ್ನೂ ಓದಿ ತಿದ್ದುತ್ತಿತ್ತು. ತಮ್ಮ ಬರಹವನ್ನು ಸಹೋದ್ಯೋಗಿಗಳು ಎದುರಿಗೇ ಹರಿದು ಹಂಚುವುದನ್ನು ಸಹಿಸಲು ಪ್ರಾಧ್ಯಾಪಕರು ಕಲಿಯಬೇಕಾಯಿತು. ಮುದ್ರಿತ ಪಾಠದಲ್ಲಿ ಕೆಲವು ಪುಟಗಳಿಗೊಮ್ಮೆ ಪ್ರಶ್ನೆ ಬರುತ್ತಿತ್ತು. ಉತ್ತರ ಪುಸ್ತಕದ ಕೊನೆಯ ಪುಟಗಳಲ್ಲಿ ಇರುತ್ತಿತ್ತು. ಓದುಗ ನಿಲ್ಲಬೇಕು, ಯೋಚಿಸಬೇಕು, ಬರೆಯಬೇಕು, ಆಮೇಲೆ ಮುಂದಕ್ಕೆ. ವಿಜ್ಞಾನದವರಿಗೆ ಪ್ರಯೋಗದ ಪೆಟ್ಟಿಗೆಯೇ ಮನೆಗೆ ಬರುತ್ತಿತ್ತು. ಅದರಲ್ಲಿ ರಾಸಾಯನಿಕಗಳ ಜೊತೆಗೆ ಅಂಗೈಯಲ್ಲಿ ಹಿಡಿಯಬಹುದಾದ ಪ್ಲಾಸ್ಟಿಕ್ ಸೂಕ್ಷ್ಮದರ್ಶಕವೂ ಇತ್ತು. ಅಡುಗೆಮನೆಯ ಮೇಜೇ ಪ್ರಯೋಗಶಾಲೆ.

ಇಷ್ಟೆಲ್ಲದರ ನಡುವೆ ವಿದ್ಯಾರ್ಥಿಯನ್ನು ಹಿಡಿದು ನಿಲ್ಲಿಸಿದ್ದು ಟ್ಯೂಟರ್. ಇಪ್ಪತ್ತು–ಇಪ್ಪತ್ತೈದು ಮಂದಿಗೆ ಒಬ್ಬರು, ಬಹುತೇಕರು ಅರೆಕಾಲಿಕ. ವಿದ್ಯಾರ್ಥಿ ಬರೆದ ಅಸೈನ್‌ಮೆಂಟ್ ಅಂಚೆಯಲ್ಲಿ ಅವರ ಮನೆಗೆ ಹೋಗುತ್ತಿತ್ತು. ಅವರು ಅಂಚಿನಲ್ಲಿ ಟಿಪ್ಪಣಿ ಬರೆದು, ‘ಪಿಟಿ3’ ಎಂಬ ನಮೂನೆಯಲ್ಲಿ ಅಂಕದೊಂದಿಗೆ ಮುಂದಿನ ಸಲ ಏನನ್ನು ಸುಧಾರಿಸಬಹುದು ಎಂಬ ಮಾತನ್ನೂ ಸೇರಿಸುತ್ತಿದ್ದರು. ಅದು ವಿದ್ಯಾರ್ಥಿಯ ಕೈಸೇರುವ ಮೊದಲು ವಿಶ್ವವಿದ್ಯಾಲಯದ ಮೂಲಕ ಹಾದುಹೋಗುತ್ತಿತ್ತು. ಟ್ಯೂಟರ್ ಹೇಗೆ ತಿದ್ದಿದ್ದಾರೆ ಎಂಬುದನ್ನೂ ಅಲ್ಲಿ ಆಗಾಗ ಪರಿಶೀಲಿಸುತ್ತಿದ್ದರು. ಟಿಪ್ಪಣಿ ಬರೆಯುವುದನ್ನೂ ಬೋಧನೆಯೆಂದೇ ಎಣಿಸಿದ್ದು ಈ ವ್ಯವಸ್ಥೆಯ ದೊಡ್ಡ ಗುಣ.

ಡಿಟಿ200 ಈ ಟ್ಯೂಟರನ್ನು ಪರದೆಯ ಮೇಲಕ್ಕೆ ತಂದಿತು. ತಂದಾಗ ಕಂಡದ್ದು, ಓದುವವರು ಹೆಚ್ಚು, ಬರೆಯುವವರು ಕಡಿಮೆ. ಹತ್ತಾರು ವರ್ಷ ಕೆಲಸ ಮಾಡಿದವರಿಗೂ ಅಪರಿಚಿತರ ಮುಂದೆ ತಪ್ಪು ಬರೆದುಬಿಟ್ಟರೆ ಎಂಬ ಅಳುಕು. ಅದೇ ವಿಶ್ವವಿದ್ಯಾಲಯದ ಗಿಲಿ ಸಾಲ್ಮನ್ ಮುಂದೆ ಎಂಬಿಎ ವಿದ್ಯಾರ್ಥಿಗಳ ಆನ್‌ಲೈನ್ ಚರ್ಚೆಗಳನ್ನು ಅಭ್ಯಸಿಸಿ, 2000ದಲ್ಲಿ ಪ್ರಕಟವಾದ ಪುಸ್ತಕದಲ್ಲಿ ಐದು ಹಂತಗಳನ್ನು ವಿವರಿಸಿದರು. ಮೊದಲು ಒಳಗೆ ಬರುವುದು, ಬಳಿಕ ಪರಸ್ಪರ ಪರಿಚಯ, ಆಮೇಲೆ ಮಾಹಿತಿ ವಿನಿಮಯ. ನಾಲ್ಕನೆಯ ಹಂತದಲ್ಲಿ ಎಲ್ಲರೂ ಸೇರಿ ತಿಳಿವು ಕಟ್ಟುವುದು, ಕೊನೆಗೆ ಸ್ವಂತ ಬೆಳವಣಿಗೆ. ಪಾಸ್‌ವರ್ಡ್ ಹಾಕಲು ಪರದಾಡುತ್ತಿರುವವರ ಮುಂದೆ ಗಹನ ಚರ್ಚೆ ಇಟ್ಟರೆ ಅವರು ಮೌನವಾಗುತ್ತಾರೆ. ಮೊದಲ ವಾರ ತಮ್ಮ ಕುರಿತು ನಾಲ್ಕು ಸಾಲು ಬರೆಯಿರಿ ಎಂದು ಇಂದು ಅನೇಕ ಕೋರ್ಸ್‌ಗಳು ಕೇಳುವುದರ ಹಿಂದಿನ ಕಾರಣವೂ ಇದೇ.

ಶತಮಾನದ ಕೊನೆಗೆ ಜಾನ್ ನಾಟನ್, ಮಾರ್ಟಿನ್ ವೆಲ್ಲರ್ ಮುಂತಾದವರು ರೂಪಿಸಿದ ‘ಟಿ171’ ಪೂರ್ತಿಯಾಗಿ ವೆಬ್ಬಿಗೆ ಬಂದಿತು. ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸೇರಿದರೂ ಟ್ಯೂಟರ್ ಗುಂಪುಗಳನ್ನು ಕೈಬಿಡಲಿಲ್ಲ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಉಚಿತ ಕೋರ್ಸ್ ದಾರಿ ಬದಲಿಸಿತು: ಚಿಕ್ಕ ವಿಡಿಯೊ, ಯಂತ್ರವೇ ತಿದ್ದುವ ಪ್ರಶ್ನೆ. ಹೆಸರು ಬರೆಸಿದವರು 1,60,000ದಷ್ಟು. ಮುಗಿಸಿದವರು ಇಪ್ಪತ್ತು ಸಾವಿರದ ಆಸುಪಾಸು.

ಭಾರತದಲ್ಲಿ ಹೈದರಾಬಾದಿನ ಮುಕ್ತ ವಿಶ್ವವಿದ್ಯಾಲಯ 1982ರಲ್ಲಿ, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೊ) 1985ರಲ್ಲಿ ಹುಟ್ಟಿದವು. ಎರಡಕ್ಕೂ ಮೊದಲ ಕುಲಪತಿ ಜಿ. ರಾಮ್ ರೆಡ್ಡಿ. ಮೈಸೂರು ವಿಶ್ವವಿದ್ಯಾಲಯದ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ 1969ರಷ್ಟು ಹಳೆಯದು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕಟ್ಟಿದ ಎನ್‌ಪಿಟಿಇಎಲ್ 2014ರಿಂದ ಪ್ರಮಾಣಪತ್ರದ ಆನ್‌ಲೈನ್ ಕೋರ್ಸ್ ನಡೆಸುತ್ತಿದೆ. ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆ 2017ರಲ್ಲಿ ಉದ್ಘಾಟನೆಯಾಯಿತು. ಅಲ್ಲಿನ ಕೋರ್ಸಿಗೆ ನಾಲ್ಕು ಅಂಗಗಳಿರಬೇಕು: ವಿಡಿಯೊ ಪಾಠ, ಓದುವ ಸಾಮಗ್ರಿ, ಸ್ವಂತ ಪರೀಕ್ಷೆ, ಚರ್ಚೆ. ಎನ್‌ಪಿಟಿಇಎಲ್ ಕೋರ್ಸ್‌ಗಳಲ್ಲಿ ಸಾಮಾನ್ಯವಾಗಿ ವಾರದ ಅಸೈನ್‌ಮೆಂಟುಗಳಿಗೆ ಶೇ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ ಶೇ 75 ಅಂಕ. ಚರ್ಚೆಯಲ್ಲಿ ಕೇಳಿದ ಪ್ರಶ್ನೆಗೆ ಬೋಧಕರೋ ಅವರ ಸಹಾಯಕರೋ ಉತ್ತರಿಸುತ್ತಾರೆ. ಇಪ್ಪತ್ತೈದು ಮಂದಿಗೊಬ್ಬರಂತೆ ಅಂಚಿನಲ್ಲಿ ಟಿಪ್ಪಣಿ ಬರೆಯುವ ಟ್ಯೂಟರಿನ ಜಾಗ ಮಾತ್ರ ಇಲ್ಲಿ ಇನ್ನೂ ಖಾಲಿ.