ಭಯಾನಕ ಚಲನಚಿತ್ರಗಳ ಭಿತ್ತಿಪತ್ರ

ಭಯಾನಕ ಚಲನಚಿತ್ರದ ಭಿತ್ತಿಪತ್ರವು ನೋಡುಗರಲ್ಲಿ ಭೀತಿಯನ್ನೂ ಕುತೂಹಲವನ್ನೂ ಏಕಕಾಲಕ್ಕೆ ಕೆರಳಿಸಿ, ಅವರನ್ನು ಚಿತ್ರಮಂದಿರದತ್ತ ಸೆಳೆಯಲು ರಚಿಸಲಾಗುವ ಪ್ರಚಾರಚಿತ್ರ. ಬಳಕೆಯ ಮಾತಿನಲ್ಲಿ ಇದು ಪೋಸ್ಟರ್. ಹಾಸ್ಯಚಿತ್ರದ ಭಿತ್ತಿಪತ್ರದಲ್ಲಿ ನಗುವ ಮುಖವಿದ್ದರೆ ಸಾಕು. ಪ್ರಣಯಚಿತ್ರಕ್ಕೆ ನಾಯಕ ನಾಯಕಿಯರಿದ್ದರೆ ಸಾಕು. ಭಯಾನಕ ಚಿತ್ರಕ್ಕೆ ಇಷ್ಟು ಸುಲಭದ ದಾರಿಯಿಲ್ಲ. ಭಯಪಡಿಸುವ ವಸ್ತುವನ್ನು ಗೋಡೆಯ ಮೇಲೆಯೇ ಪೂರ್ಣವಾಗಿ ತೋರಿಸಿಬಿಟ್ಟರೆ ಒಳಗೆ ನೋಡಲು ಏನೂ ಉಳಿಯುವುದಿಲ್ಲ. ಏನನ್ನೂ ತೋರಿಸದಿದ್ದರೆ ಯಾರೂ ಒಳಗೆ ಹೋಗುವುದಿಲ್ಲ. ಈ ಪ್ರಕಾರದ ವಿನ್ಯಾಸ ಸಂಪ್ರದಾಯಗಳಲ್ಲಿ ಬಹುಪಾಲು ಈ ಇಕ್ಕಟ್ಟಿನಿಂದಲೇ ಹುಟ್ಟಿವೆ. ಯಶಸ್ವಿಯಾದ ಭಿತ್ತಿಪತ್ರಗಳು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಬಚ್ಚಿಡುತ್ತವೆ: ಭಯಹುಟ್ಟಿಸುವ ಜೀವಿಯನ್ನು, ಇಲ್ಲವೇ ಅದು ಎಸಗಲಿರುವ ಕೃತ್ಯವನ್ನು.

ರಸದೃಷ್ಟಿ

ಭರತನ ನಾಟ್ಯಶಾಸ್ತ್ರವು ಭಯಾನಕ ಮತ್ತು ಬೀಭತ್ಸಗಳನ್ನು ಬೇರೆ ಬೇರೆ ರಸಗಳೆಂದು ಗಣಿಸುತ್ತದೆ. ಭಯಾನಕದ ಸ್ಥಾಯಿಭಾವ ಭಯ. ಬೀಭತ್ಸದ ಸ್ಥಾಯಿಭಾವ ಜುಗುಪ್ಸೆ. ಭಯಾನಕಕ್ಕೆ ಅಲ್ಲಿ ಹೇಳಿರುವ ಬಣ್ಣ ಕಪ್ಪು. ಪಾಶ್ಚಾತ್ಯ ವಿನ್ಯಾಸಕಾರರು ಈ ಗ್ರಂಥವನ್ನು ಓದಿ ಚಿತ್ರ ಬರೆದರೆಂದು ಇದರ ಅರ್ಥವಲ್ಲ. ಆದರೆ ಭಿತ್ತಿಪತ್ರಗಳನ್ನು ವಿಂಗಡಿಸಲು ಈ ಭೇದವು ವಿದ್ಯಾರ್ಥಿಗಳಿಗೆ ಬಹಳ ಉಪಯುಕ್ತವಾದುದು. ಮುಂದೆ ಏನೋ ಆಗಲಿದೆ ಎಂಬ ನಿರೀಕ್ಷೆಯನ್ನು ಮೂಡಿಸುವ ಚಿತ್ರ ಭಯಾನಕ. ಆಗಿಹೋದುದರ ರಕ್ತಮಾಂಸಗಳನ್ನು ಮುಂದಿಡುವ ಚಿತ್ರ ಬೀಭತ್ಸ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಈ ಕುರಿತ ಚರ್ಚೆಗಳು ಗೊಂದಲಕ್ಕೊಳಗಾಗುತ್ತವೆ.

ಆರಂಭಕಾಲ

ಜರ್ಮನಿಯ ಮೂಕಿಚಿತ್ರಗಳ ಕಾಲದಲ್ಲಿಯೇ ಈ ಕಲೆ ಪ್ರೌಢಾವಸ್ಥೆಗೆ ಬಂದಿತ್ತು. ರಾಬರ್ಟ್ ವೀನೆ ನಿರ್ದೇಶಿಸಿದ ‘ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ ೧೯೨೦ರಲ್ಲಿ ತೆರೆಕಾಣುವ ಮುನ್ನ ಬರ್ಲಿನ್ ನಗರದಲ್ಲಿ, ನೋಡುಗನು ಕ್ಯಾಲಿಗರಿ ಆಗಲೇಬೇಕೆಂದು ಆಜ್ಞಾಪಿಸುವ ಭಿತ್ತಿಪತ್ರಗಳು ಕಾಣಿಸಿಕೊಂಡವು. ಇದು ಸಿನಿಮಾದ ಪ್ರಚಾರವೆಂಬ ವಿವರಣೆ ಅವುಗಳಲ್ಲಿರಲಿಲ್ಲ. ಕ್ಯಾಲಿಗರಿ ವ್ಯಕ್ತಿಯೋ, ರೋಗವೋ, ಪಂಥವೋ ತಿಳಿಯದ ದಾರಿಹೋಕನ ಮನಸ್ಸಿನಲ್ಲಿ ಆ ಹೆಸರು ಮುಳ್ಳಿನಂತೆ ಉಳಿಯಿತು. ೧೯೨೨ರ ‘ನೊಸ್ಫೆರಾಟು’ ಚಿತ್ರದ ನಿರ್ಮಾಪಕರಲ್ಲೊಬ್ಬನೂ ಕಲಾನಿರ್ದೇಶಕನೂ ಆಗಿದ್ದ ಆಲ್ಬಿನ್ ಗ್ರೌ ಪ್ರಚಾರಚಿತ್ರಗಳನ್ನೂ ತಾನೇ ಬರೆದನು. ತೆರೆಯ ಮೇಲಿನ ಲೋಕ ಮತ್ತು ಗೋಡೆಯ ಮೇಲಿನ ಚಿತ್ರ ಒಂದೇ ಕೈಯಿಂದ ಮೂಡಿದ ಅಪರೂಪದ ನಿದರ್ಶನವಿದು.

ಅಮೆರಿಕದಲ್ಲಿ ಯೂನಿವರ್ಸಲ್ ಸಂಸ್ಥೆಯು ೧೯೩೧ರಲ್ಲಿ ‘ಡ್ರಾಕುಲಾ’ ಮತ್ತು ‘ಫ್ರಾಂಕೆನ್‌ಸ್ಟೈನ್’, ೧೯೩೨ರಲ್ಲಿ ‘ದಿ ಮಮ್ಮಿ’ ಚಿತ್ರಗಳನ್ನು ಹೊರತಂದಿತು. ಕರೋಲಿ ಗ್ರೋಸ್ ಎಂಬ ಕಲಾವಿದನ ನೇತೃತ್ವದಲ್ಲಿ ಅವುಗಳ ಭಿತ್ತಿಪತ್ರಗಳು ಸಿದ್ಧಗೊಂಡವು. ಅಂದಿನ ರೂಢಿಯ ಅಳತೆ ೨೭ ಇಂಚು ಅಗಲ, ೪೧ ಇಂಚು ಎತ್ತರ. ಶಿಲಾಮುದ್ರಣದ ಗಾಢ ವರ್ಣಗಳಲ್ಲಿ ಅಚ್ಚಾದ ಇವುಗಳಲ್ಲಿ ದೈತ್ಯನ ಮುಖ ಮೇಲೆ, ಬೆದರಿದ ಸುಂದರಿ ಕೆಳಗೆ ಎಂಬ ವಿನ್ಯಾಸ ನೆಲೆಗೊಂಡಿತು. ಕಪ್ಪು ಬಿಳುಪಿನ ಚಿತ್ರಕ್ಕೆ ಬಣ್ಣವನ್ನು ಒದಗಿಸುತ್ತಿದ್ದುದು ಭಿತ್ತಿಪತ್ರವೇ ಎಂಬುದನ್ನು ಮರೆಯಬಾರದು; ದೈತ್ಯನ ಹಸಿರು ಮೈಬಣ್ಣವನ್ನು ಪ್ರೇಕ್ಷಕನು ಕಂಡದ್ದು ಗೋಡೆಯ ಮೇಲೆಯೇ ಹೊರತು ತೆರೆಯ ಮೇಲಲ್ಲ. ‘ಫ್ರಾಂಕೆನ್‌ಸ್ಟೈನ್’ ಚಿತ್ರದ ಆರಂಭದ ಪಾತ್ರವರ್ಗದಲ್ಲಿ ದೈತ್ಯನ ಪಾತ್ರಧಾರಿಯ ಹೆಸರಿನ ಸ್ಥಾನದಲ್ಲಿ ಬರಿಯ ಪ್ರಶ್ನಾರ್ಥಕ ಚಿಹ್ನೆಯಿತ್ತು. ಬಚ್ಚಿಡುವುದರ ಬೆಲೆಯನ್ನು ಆ ಸಂಸ್ಥೆ ಚೆನ್ನಾಗಿ ಅರಿತಿತ್ತು.

ಬಚ್ಚಿಡುವ ಕಲೆ

೧೯೬೦ರ ದಶಕದ ಕೊನೆಯಿಂದ ಚಿತ್ರಗಳ ಗದ್ದಲ ಕಡಿಮೆಯಾಗಿ ಒಂದೇ ಪ್ರತಿಮೆಯ ಭಿತ್ತಿಪತ್ರಗಳು ಬಂದವು. ೧೯೬೮ರ ‘ರೋಸ್‌ಮೇರೀಸ್ ಬೇಬಿ’ ಇದಕ್ಕೆ ಒಳ್ಳೆಯ ಉದಾಹರಣೆ. ಹಸಿರು ಛಾಯೆಯಲ್ಲಿ ಮಲಗಿದ ಹೆಣ್ಣಿನ ಪಾರ್ಶ್ವಮುಖ. ಅದರ ಮುಂದೆ ಬಂಡೆಗಳ ದಿಬ್ಬದ ಮೇಲೆ ಕಪ್ಪು ನೆರಳಾಗಿ ನಿಂತ ಮಗುವಿನ ತಳ್ಳುಗಾಡಿ. ಭೂತವಿಲ್ಲ, ರಕ್ತವಿಲ್ಲ. ಎಲ್ಲರೂ ಅಕ್ಕರೆಯಿಂದ ಬಗ್ಗಿ ನೋಡುವ ವಸ್ತುವನ್ನು ಇರಬಾರದ ಜಾಗದಲ್ಲಿ ಇಟ್ಟದ್ದಷ್ಟೇ ವಿನ್ಯಾಸಕಾರರು ಮಾಡಿದ ಕೆಲಸ. ಗಾಡಿಯೊಳಗೆ ಏನಿದೆ ಎಂದು ಬಗ್ಗಿ ನೋಡುವ ಆಸೆಗೆ ಟಿಕೆಟ್ಟೇ ಬೆಲೆ.

೧೯೭೩ರ ‘ದಿ ಎಕ್ಸಾರ್ಸಿಸ್ಟ್’ ಚಿತ್ರಕ್ಕೆ ಬಿಲ್ ಗೋಲ್ಡ್ ರೂಪಿಸಿದ ಭಿತ್ತಿಪತ್ರದಲ್ಲಿ ಪಿಶಾಚಗ್ರಸ್ತ ಬಾಲಕಿಯೇ ಇಲ್ಲ. ರಾತ್ರಿಯಲ್ಲಿ, ಮನೆಯೊಂದರ ಮುಂದೆ, ಕೈಯಲ್ಲಿ ಚೀಲ ಹಿಡಿದ ಪಾದ್ರಿ ಬೀದಿದೀಪದ ಬಳಿ ನಿಂತಿದ್ದಾನೆ. ಬೆಲ್ಜಿಯಂ ದೇಶದ ಕಲಾವಿದ ರೆನೆ ಮ್ಯಾಗ್ರಿಟ್‌ನ ‘ಬೆಳಕಿನ ಸಾಮ್ರಾಜ್ಯ’ ಎಂಬ ವರ್ಣಚಿತ್ರಮಾಲೆಯಿಂದ ಪ್ರೇರಿತವಾದ ದೃಶ್ಯವಿದು. ಇಲ್ಲಿ ಗಮನಿಸಬೇಕಾದುದು ಬೆಳಕಿನ ದಿಕ್ಕು. ಸಾಮಾನ್ಯವಾಗಿ ಬೆಳಕು ಅಭಯದ ಕಡೆಗೂ ಕತ್ತಲು ಆಪತ್ತಿನ ಕಡೆಗೂ ಇರುತ್ತವೆ. ಇಲ್ಲಿ ಪಿಶಾಚವಿರುವ ಕೋಣೆಯ ಕಿಟಕಿಯಿಂದಲೇ ಬೆಳಕು ಸುರಿಯುತ್ತದೆ. ರಕ್ಷಿಸಬೇಕಾದವನು ಕಪ್ಪು ನೆರಳಾಗಿದ್ದಾನೆ. ಈ ಪ್ರಕಾರದ ಭಿತ್ತಿಪತ್ರಗಳಲ್ಲಿ ಒಂದನ್ನೇ ಆರಿಸಿ ತರಗತಿಯಲ್ಲಿ ತೋರಿಸಬೇಕಾಗಿ ಬಂದರೆ ಇದನ್ನೇ ಆರಿಸುವುದು ಸೂಕ್ತ.

೧೯೭೫ರ ‘ಜಾಸ್’ ಈ ನಿಯಮಕ್ಕೆ ಅಪವಾದವೆಂದು ಮೊದಲ ನೋಟಕ್ಕೆ ಅನಿಸುತ್ತದೆ. ಚಿತ್ರದಲ್ಲಿ ಬಹಳ ಹೊತ್ತು ಮರೆಯಲ್ಲೇ ಉಳಿಯುವ ಶಾರ್ಕ್ ಮೀನು ಭಿತ್ತಿಪತ್ರದಲ್ಲಿ ಬಾಯ್ದೆರೆದು ನಿಂತಿದೆ. ಪೀಟರ್ ಬೆಂಚ್ಲಿಯ ಕಾದಂಬರಿಯ ಅಗ್ಗದ ಆವೃತ್ತಿಯ ರಕ್ಷಾಪುಟಕ್ಕಾಗಿ ರೋಜರ್ ಕ್ಯಾಸ್ಟೆಲ್ ಬರೆದ ವರ್ಣಚಿತ್ರವೇ ಭಿತ್ತಿಪತ್ರವೂ ಆಯಿತು. ಇದಕ್ಕಾಗಿ ಆತನು ನ್ಯೂಯಾರ್ಕಿನ ಪ್ರಾಕೃತಿಕ ಇತಿಹಾಸದ ವಸ್ತುಸಂಗ್ರಹಾಲಯಕ್ಕೆ ಹೋಗಿ ಶಾರ್ಕ್‌ಗಳನ್ನು ನೋಡಿ ಬಂದಿದ್ದನು. ನೀರಿನ ಮೇಲ್ಮೈಯಲ್ಲಿ ನಿಶ್ಚಿಂತೆಯಿಂದ ಈಜುವ ಹೆಣ್ಣು. ಕೆಳಗಿನಿಂದ ಬಾಣದ ಮೊನೆಯಂತೆ ಏರುತ್ತಿರುವ ತ್ರಿಕೋನಾಕಾರದ ತಲೆ. ಜೀವಿಯನ್ನು ತೋರಿಸಲಾಗಿದೆ, ಆದರೆ ಕೃತ್ಯವನ್ನು ತಡೆಹಿಡಿಯಲಾಗಿದೆ. ಈಜುತ್ತಿರುವವಳಿಗೆ ತಿಳಿಯದ ಸಂಗತಿ ನೋಡುಗನಿಗೆ ತಿಳಿದಿದೆ. ಎಚ್ಚರಿಸಲು ಮಾತ್ರ ಅವನಿಗೆ ದಾರಿಯಿಲ್ಲ. ಶಾರ್ಕನ್ನು ತೋರಿಸಿಯೂ ಭಯವನ್ನು ವ್ಯಯಮಾಡದ ಗುಟ್ಟು ಈ ಅಸಹಾಯಕತೆಯಲ್ಲಿದೆ.

೧೯೭೮ರ ‘ಹ್ಯಾಲೋವೀನ್’ ಭಿತ್ತಿಪತ್ರದಲ್ಲಿ ಬಾಬ್ ಗ್ಲೀಸನ್, ಮುಖ ಕೊರೆದ ಕುಂಬಳಕಾಯಿಯ ಏಣುಗಳನ್ನು ಚೂರಿ ಹಿಡಿದ ಮುಷ್ಟಿಯ ಗೆಣ್ಣುಗಳೊಂದಿಗೆ ಬೆಸೆದನು. ಅಕ್ಟೋಬರ್ ೩೧ರ ಹಬ್ಬದ ಮನೆಮನೆಯ ಅಲಂಕಾರವೇ ಆಯುಧವಾಗುವ ಈ ತಂತ್ರದ ಪರಿಣಾಮ ಹೊರಗಿನವರಿಗೆ ತಕ್ಷಣ ಅರಿವಾಗದು. ನಮ್ಮಲ್ಲಿ ಕಟ್ಟುತ್ತಿರುವ ಮನೆಯ ಮುಂದೆ ದೃಷ್ಟಿಯಾಗದಿರಲೆಂದು ತೂಗುಹಾಕುವ, ರಾಕ್ಷಸನ ಮುಖ ಬರೆದ ಬೂದುಗುಂಬಳವೇ ಚೂರಿ ಹಿಡಿದಂತೆ ಕಲ್ಪಿಸಿಕೊಂಡರೆ ಅದು ಹತ್ತಿರವಾಗುತ್ತದೆ.

೧೯೭೯ರ ‘ಏಲಿಯನ್’ ಇನ್ನೂ ಮುಂದೆ ಹೋಯಿತು. ಕಪ್ಪು ಹಿನ್ನೆಲೆ, ತೇಲುವ ಒಂದು ಮೊಟ್ಟೆ, ಬಿರುಕಿನಿಂದ ಸೋರುವ ಹಸಿರು ಬೆಳಕು, ಅಷ್ಟೇ. ಕೋಳಿಮೊಟ್ಟೆಯನ್ನು ಹೋಲುವ ಆ ಮೊಟ್ಟೆ ಚಿತ್ರದಲ್ಲಿಯೇ ಇಲ್ಲ. ಅಲ್ಲಿರುವುದು ತೊಗಲಿನಂಥ ಹೊದಿಕೆಯ ಬೇರೆಯೇ ಮೊಟ್ಟೆಗಳು. ವಿನ್ಯಾಸ ಫಿಲಿಪ್ ಗಿಪ್ಸ್‌ನದು. ಅಂತರಿಕ್ಷದಲ್ಲಿ ನಿಮ್ಮ ಚೀತ್ಕಾರ ಯಾರಿಗೂ ಕೇಳಿಸದು ಎಂಬರ್ಥದ ಪ್ರಸಿದ್ಧ ಅಡಿಬರಹವನ್ನು ರಚಿಸಿದವಳು ಆತನ ಪತ್ನಿ ಬಾರ್ಬರಾ ಗಿಪ್ಸ್. ನಿರ್ವಾತದಲ್ಲಿ ಶಬ್ದ ಸಂಚರಿಸದು ಎಂದು ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿರುವ ವಾಕ್ಯವೇ ಇಲ್ಲಿ ಮೈನಡುಗಿಸುವ ಮಾತಾಗಿದೆ.

ಬಣ್ಣ ಮತ್ತು ಮುಖ

ಕಪ್ಪು, ಕೆಂಪು ಮತ್ತು ಮಂಕಾದ ಹಸಿರು ಈ ಭಿತ್ತಿಪತ್ರಗಳ ರೂಢಿಯ ವರ್ಣಗಳು. ಹಸಿರು ಇಲ್ಲಿ ಪೈರಿನ ಹಸಿರಲ್ಲ, ಕೊಳೆತದ ಹಸಿರು. ಆದರೆ ಬಣ್ಣವೊಂದೇ ಭಯವನ್ನು ತರಲಾರದು. ಸಾಲ್ ಬಾಸ್ ರೂಪಿಸಿದ ‘ದಿ ಶೈನಿಂಗ್’ ಚಿತ್ರದ ೧೯೮೦ರ ಭಿತ್ತಿಪತ್ರ ಅಚ್ಚ ಹಳದಿ. ಶೀರ್ಷಿಕೆಯ ಅಕ್ಷರದೊಳಗಿನಿಂದ ಚುಕ್ಕಿಗಳಿಂದಾದ ಮುಖವೊಂದು ಇಣುಕುತ್ತದೆ. ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ ಹಲವು ಕರಡುಗಳನ್ನು ತಿರಸ್ಕರಿಸಿದ ಬಳಿಕ ಇದು ಅಂಗೀಕೃತವಾಯಿತು.

ಮುಖದ ಒಂದು ಅಂಗವನ್ನು ಮುಚ್ಚುವುದು ಮತ್ತೊಂದು ಸಂಪ್ರದಾಯ. ೧೯೯೧ರ ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ಭಿತ್ತಿಪತ್ರದಲ್ಲಿ ಬಿಳಿಚಿದ ಸ್ತ್ರೀಮುಖದ ಬಾಯಿಯ ಮೇಲೆ ಪತಂಗ ಕುಳಿತಿದೆ. ಪತಂಗದ ಬೆನ್ನಿನ ತಲೆಬುರುಡೆಯನ್ನು ಹತ್ತಿರದಿಂದ ನೋಡಿದರೆ ಅದು ಏಳು ಮಂದಿ ನಗ್ನ ಸ್ತ್ರೀಯರ ದೇಹಗಳಿಂದ ಕೂಡಿದ ಆಕೃತಿ. ಸಾಲ್ವಡೋರ್ ಡಾಲಿಯೊಂದಿಗೆ ಫಿಲಿಪ್ ಹಾಲ್ಸ್‌ಮನ್ ತೆಗೆದ ಛಾಯಾಚಿತ್ರದಿಂದ ಬಂದುದು. ದೂರದಿಂದ ಒಂದು, ಹತ್ತಿರದಿಂದ ಇನ್ನೊಂದು. ನೋಡುಗನು ಎರಡು ಹೆಜ್ಜೆ ಮುಂದೆ ಬರುವಂತೆ ಮಾಡುವುದೇ ಇದರ ಉದ್ದೇಶ.

ಅಕ್ಷರ ಮತ್ತು ಶೀರ್ಷಿಕೆ

ಸೋರುವ ರಕ್ತದಂತೆ ಇಳಿಯುವ, ಗೀರಿದಂತೆ ಕಾಣುವ ಅಕ್ಷರಗಳು ಹಳೆಯ ರೂಢಿ. ಇತ್ತೀಚೆಗೆ ಅವು ನಗು ತರಿಸುವ ಮಟ್ಟಿಗೆ ಸವೆದಿವೆ. ಕ್ಯಾರಲ್ ಟ್ವಾಂಬ್ಲಿ ೧೯೮೯ರಲ್ಲಿ ರೂಪಿಸಿದ ಟ್ರೇಜನ್ ಎಂಬ ಅಚ್ಚಿನ ಮಾದರಿಯು ರೋಮಿನ ಟ್ರೇಜನ್ ಸ್ತಂಭದ ಶಾಸನಾಕ್ಷರಗಳನ್ನು ಆಧರಿಸಿದುದು. ಮೊದಲು ಘನಗಂಭೀರ ಚಿತ್ರಗಳಲ್ಲಿ ಬಳಕೆಯಾದ ಅದು ಕ್ರಮೇಣ ಕಡಿಮೆ ವೆಚ್ಚದ ಭಯಾನಕ ಚಿತ್ರಗಳಿಗೂ ಇಳಿಯಿತು.

ಕನ್ನಡ ಲಿಪಿ ಇಲ್ಲಿ ಬೇರೆಯೇ ಸಮಸ್ಯೆಯನ್ನು ಒಡ್ಡುತ್ತದೆ. ರೋಮನ್ ಅಕ್ಷರಗಳ ಮೊನೆಗಳನ್ನು ಕೋರೆಹಲ್ಲಾಗಿಸುವುದು ಸುಲಭ. ದುಂಡಗಿನ ಕನ್ನಡ ಅಕ್ಷರಗಳಲ್ಲಿ ಅಂಥ ಮೊನೆಗಳಿಲ್ಲ. ಸಾಲಿನ ಕೆಳಗೆ ಇಳಿಬೀಳುವ ಒತ್ತಕ್ಷರಗಳನ್ನೂ ಕೊಂಬು, ದೀರ್ಘಗಳ ಬಾಲಗಳನ್ನೂ ಎಳೆದು ಚೂಪಾಗಿಸುವುದೇ ಬರಹಗಾರನಿಗೆ ಉಳಿಯುವ ಅವಕಾಶ. ಅಕ್ಷರದ ರೂಪಕ್ಕಿಂತ ಮಾತಿನ ಅರ್ಥವೇ ಕನ್ನಡದಲ್ಲಿ ಹೆಚ್ಚು ಕೆಲಸ ಮಾಡಿದೆ. ‘ನಾ ನಿನ್ನ ಬಿಡಲಾರೆ’ (೧೯೭೯) ಎಂಬುದು ಪ್ರೇಮಿ ನುಡಿದರೆ ವಚನ, ಪ್ರೇತ ನುಡಿದರೆ ಬೆದರಿಕೆ. ಉಪೇಂದ್ರ ನಿರ್ದೇಶನದ ‘ಶ್!’ (೧೯೯೩) ಓದುವವನ ತುಟಿಯನ್ನೇ ಮುಚ್ಚಿಸುತ್ತದೆ. ‘೬-೫=೨’ (೨೦೧೩) ಎಂಬ ತಪ್ಪುಲೆಕ್ಕವನ್ನು ಕಂಡವನು ಅದನ್ನು ಸರಿಪಡಿಸದೆ ಮುಂದೆ ಹೋಗಲಾರ. ‘ಆಪ್ತಮಿತ್ರ’ (೨೦೦೪) ಮಾತ್ರ ಶೀರ್ಷಿಕೆಯಲ್ಲಿ ಭಯದ ಸುಳಿವನ್ನೇ ಕೊಡದೆ ನಾಗವಲ್ಲಿಯನ್ನು ಒಳಗಿಟ್ಟುಕೊಂಡಿತು.

ಹುಸಿ ಭರವಸೆ

ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಸಂಸ್ಥೆಯು ೧೯೫೦ರ ದಶಕದಲ್ಲಿ ಮೊದಲು ಶೀರ್ಷಿಕೆ ಮತ್ತು ಭಿತ್ತಿಪತ್ರಗಳನ್ನು ಸಿದ್ಧಪಡಿಸಿ, ಪ್ರದರ್ಶಕರು ಮೆಚ್ಚಿದರೆ ಆಮೇಲೆ ಕಥೆ ಬರೆಸುತ್ತಿತ್ತು. ಹೀಗಿರುವಾಗ ಗೋಡೆಯ ಮೇಲಿನ ಭರವಸೆಯನ್ನು ತೆರೆ ಈಡೇರಿಸದಿದ್ದರೆ ಅಚ್ಚರಿಯಿಲ್ಲ. ಸಂಸ್ಥೆ ಬೇರೆಯಾದರೂ ೧೯೫೬ರ ‘ಫರ್ಬಿಡನ್ ಪ್ಲಾನೆಟ್’ ಎಂಬ ವಿಜ್ಞಾನಚಿತ್ರದ ಭಿತ್ತಿಪತ್ರದಲ್ಲಿಯೂ ಯಂತ್ರಮಾನವನು ಮೂರ್ಛೆಹೋದ ತರುಣಿಯನ್ನು ಹೊತ್ತು ನಿಂತಿದ್ದಾನೆ. ಚಿತ್ರದಲ್ಲಿ ಅಂಥ ದೃಶ್ಯವೇ ಇಲ್ಲ, ಆ ಯಂತ್ರಮಾನವ ಪರಮ ಸಾಧು. ದೈತ್ಯನ ತೋಳಿನಲ್ಲಿ ಅರೆಬಟ್ಟೆಯ ಹೆಣ್ಣು ಎಂಬ ಈ ಸೂತ್ರ ಭಯದ ಹೆಸರಿನಲ್ಲಿ ಬೇರೆಯದನ್ನೇ ಮಾರುತ್ತದೆ. ಈ ಸಂಪ್ರದಾಯಗಳಲ್ಲಿ ಅತ್ಯಂತ ದೀರ್ಘಾಯುವಾದುದೂ ಅತ್ಯಂತ ಬಡಕಲ್ಪನೆಯದೂ ಇದೇ ಎನ್ನಬೇಕು.

ಭಾರತದಲ್ಲಿ ರಾಮ್ಸೆ ಸಹೋದರರ ‘ಪುರಾನಾ ಮಂದಿರ್’ (೧೯೮೪), ‘ವೀರಾನಾ’ (೧೯೮೮) ಮೊದಲಾದ ಹಿಂದಿ ಚಿತ್ರಗಳು ಈ ಸೂತ್ರವನ್ನು ದೇಶೀಯ ಭಿತ್ತಿಪತ್ರಗಳ ತುಂಬುಗುಂಪಿನೊಂದಿಗೆ ಸೇರಿಸಿದವು. ಒಂದೇ ಹಾಳೆಯಲ್ಲಿ ಪಿಶಾಚಿ, ಹಾಳುಬಂಗಲೆ, ನಾಯಕ ನಾಯಕಿ! ಹಾಡು, ಪ್ರಣಯ, ಹೊಡೆದಾಟಗಳನ್ನೂ ಬಯಸಿ ಬರುವ ಪ್ರೇಕ್ಷಕನಿಗೆ ಎಲ್ಲವೂ ಇವೆ ಎಂದು ತಿಳಿಸಬೇಕಾಗಿದ್ದುದರಿಂದ ಇಲ್ಲಿ ಬಚ್ಚಿಡುವ ಕಲೆಗೆ ಎಡೆ ಕಡಿಮೆ. ವಯಸ್ಕರಿಗೆ ಮಾತ್ರ ಎಂಬ ಪ್ರಮಾಣಪತ್ರದ ‘ಎ’ ಗುರುತು ಕೂಡ ಎಚ್ಚರಿಕೆಯಾಗುವ ಬದಲು ಆಕರ್ಷಣೆಯಾಗಿ ಪರಿಣಮಿಸಿತು.

ಬೀದಿಯ ನೋಡುಗ

ಚಿತ್ರಮಂದಿರದೊಳಗೆ ಕುಳಿತವನು ಹೆದರಲು ಒಪ್ಪಿ ಹಣ ಕೊಟ್ಟವನು. ಶಾಲೆಗೆ ಹೋಗುವ ದಾರಿಯಲ್ಲಿ ಭಿತ್ತಿಪತ್ರವನ್ನು ಕಾಣುವ ಮಗು ಅಂಥ ಒಪ್ಪಂದ ಮಾಡಿಕೊಂಡಿಲ್ಲ. ಈ ಕಾರಣದಿಂದ ಭಿತ್ತಿಪತ್ರದ ಮೇಲಿನ ನಿರ್ಬಂಧಗಳು ಚಿತ್ರದ ಮೇಲಿನವುಗಳಿಗಿಂತ ಬಿಗಿಯಾಗಿರುವುದುಂಟು. ೨೦೦೫ರ ‘ಸಾ ೨’ ಚಿತ್ರದ ಭಿತ್ತಿಪತ್ರದಲ್ಲಿ ಕತ್ತರಿಸಿದ ಎರಡು ಬೆರಳುಗಳು ಎರಡು ಎಂಬ ಅಂಕಿಯನ್ನು ಸೂಚಿಸುತ್ತಿದ್ದವು. ಕತ್ತರಿಸಿದ ತುದಿಗಳನ್ನು ಕಾಣಿಸಿದ ಮೊದಲ ರೂಪವನ್ನು ಅಮೆರಿಕದ ಚಲನಚಿತ್ರ ಸಂಘ ಒಪ್ಪದೆ ಹೋದುದರಿಂದ ಅದನ್ನು ಬದಲಿಸಲಾಯಿತು. ೨೦೦೭ರಲ್ಲಿ ‘ಕ್ಯಾಪ್ಟಿವಿಟಿ’ ಚಿತ್ರದ ಜಾಹೀರಾತು ಫಲಕಗಳು ಒಬ್ಬ ಹೆಣ್ಣಿನ ಅಪಹರಣದಿಂದ ಮರಣದವರೆಗಿನ ನಾಲ್ಕು ಹಂತಗಳನ್ನು ಬೀದಿಯಲ್ಲೇ ಪ್ರದರ್ಶಿಸಿದವು. ಸಾರ್ವಜನಿಕರ ಆಕ್ರೋಶದಿಂದ ಫಲಕಗಳನ್ನು ತೆಗೆಯಬೇಕಾಯಿತು. ಅದೇ ಸಂಘವು ಆ ಚಿತ್ರದ ವರ್ಗೀಕರಣವನ್ನು ಕೆಲಕಾಲ ತಡೆಹಿಡಿಯಿತು. ಎರಡೂ ಪ್ರಸಂಗಗಳಲ್ಲಿ ಆಕ್ಷೇಪಕ್ಕೆ ಗುರಿಯಾದುದು ಭಯಾನಕವಲ್ಲ, ಬೀಭತ್ಸ ಎಂಬುದು ಗಮನಾರ್ಹ.

ಇದಕ್ಕೆ ತೀರ ವಿರುದ್ಧವಾದ ದಾರಿ ಹಿಡಿದದ್ದು ೧೯೯೯ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’. ಅದರ ಪ್ರಚಾರಕ್ಕೆ ಹಂಚಿದ ಕರಪತ್ರಗಳು, ಕಾಣೆಯಾದವರ ಪತ್ತೆಗಾಗಿ ಅಂಟಿಸುವ ಸಾಧಾರಣ ಪ್ರಕಟಣೆಗಳಂತೆಯೇ ಇದ್ದವು. ರಕ್ತದ ಹನಿಯಿಲ್ಲದ ಆ ಕಾಗದವನ್ನು ಎಷ್ಟೋ ಜನ ನಿಜವೆಂದೇ ನಂಬಿದರು. ವಿನ್ಯಾಸವಿಲ್ಲವೆಂಬಂತೆ ತೋರುವುದೂ ಒಂದು ವಿನ್ಯಾಸವೇ. ಆದರೆ ಕಾಣೆಯಾದವರ ಮನೆಯವರ ಸಂಕಟದ ರೂಪವನ್ನು ಎರವಲು ಪಡೆದದ್ದು ಸರಿಯೇ ಎಂಬ ಪ್ರಶ್ನೆ ಉಳಿದೇ ಇದೆ.

ಸಂಗ್ರಹ

ಪ್ರದರ್ಶನ ಮುಗಿದ ಮೇಲೆ ಎಸೆಯಲೆಂದೇ ಅಗ್ಗದ ಕಾಗದದಲ್ಲಿ ಅಚ್ಚಾದ ಹಳೆಯ ಭಿತ್ತಿಪತ್ರಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು. ೧೯೩೨ರ ‘ದಿ ಮಮ್ಮಿ’ ಭಿತ್ತಿಪತ್ರದ ಒಂದು ಪ್ರತಿ ೧೯೯೭ರಲ್ಲಿ ಸಾದಬೀಸ್ ಹರಾಜಿನಲ್ಲಿ ೪,೫೩,೫೦೦ ಡಾಲರುಗಳಿಗೆ ಮಾರಾಟವಾಯಿತು. ೧೯೩೧ರ ‘ಡ್ರಾಕುಲಾ’ ಭಿತ್ತಿಪತ್ರದ ಪ್ರತಿಯೊಂದು ೨೦೧೭ರಲ್ಲಿ ೫,೨೫,೮೦೦ ಡಾಲರುಗಳನ್ನು ತಂದಿತು. ‘ಜಾಸ್’ ಭಿತ್ತಿಪತ್ರಕ್ಕೆ ಆಧಾರವಾದ ಕ್ಯಾಸ್ಟೆಲ್‌ನ ಮೂಲ ವರ್ಣಚಿತ್ರವು ಚಿತ್ರದ ಪ್ರಚಾರದ ಕಾಲದಲ್ಲಿಯೇ ಕಳೆದುಹೋಯಿತು.