ಅಕ್ಷರಗಳ ತೆರೆ: ನೆನಪಿನ ಹೊರೆ ಯಾರಿಗೆ?



ಚಿತ್ರಗಳಿಲ್ಲ, ಮೌಸ್ ಬೇಕಿಲ್ಲ. ಕಪ್ಪು ತೆರೆಯ ಮೇಲೆ ಅಕ್ಷರಗಳ ಸಾಲು, ಅದರ ಕೊನೆಯಲ್ಲಿ ಮಿನುಗುವ ಒಂದು ಗುರುತು. ಇದೇ ಟರ್ಮಿನಲ್. ಬಣ್ಣದ ಮೊಬೈಲ್ ತೆರೆಗೆ ಒಗ್ಗಿದ ಕಣ್ಣಿಗೆ ಇದು ಹಳೆಯ ಕಾಲದ ಉಳಿಕೆಯಂತೆ ತೋರಬಹುದು. ಆದರೂ ದೂರದ ಸರ್ವರ್‌ಗಳನ್ನು ನೋಡಿಕೊಳ್ಳುವ ತಂತ್ರಜ್ಞರು ಇಂದಿಗೂ ಇದನ್ನೇ ನೆಚ್ಚಿಕೊಂಡಿದ್ದಾರೆ. ಇಲ್ಲಿ ಓಡುವ ಮೂರು ಹೆಸರಾಂತ ಪ್ರೋಗ್ರಾಂಗಳನ್ನು ಹೋಲಿಸಿ ನೋಡಿದರೆ, ಮನುಷ್ಯ ಮತ್ತು ಯಂತ್ರದ ನಡುವಿನ ಮಾತುಕತೆಯನ್ನು ಹೇಗೆ ರೂಪಿಸುತ್ತಾರೆಂಬುದು ತಿಳಿಯುತ್ತದೆ.

ಮೊದಲು ಟರ್ಮಿನಲ್ ಎಂದರೆ ಬೇರೆಲ್ಲೋ ಇರುವ ಗಣಕಕ್ಕೆ ತಂತಿಯ ಮೂಲಕ ಜೋಡಿಸಿದ ಕೀಲಿಮಣೆ ಮತ್ತು ತೆರೆ ಎಂದಷ್ಟೇ ಅರ್ಥವಿತ್ತು. ತೆರೆಯಲ್ಲಿ ಸಾಮಾನ್ಯವಾಗಿ 24 ಸಾಲು, ಸಾಲಿಗೆ 80 ಅಕ್ಷರ. ಒಟ್ಟು 1920 ಮನೆಗಳು. ಆಗಿನ 300 ಬಾಡ್ ಮೋಡೆಮ್ ಸೆಕೆಂಡಿಗೆ ಸುಮಾರು 30 ಅಕ್ಷರಗಳನ್ನು ಮಾತ್ರ ಸಾಗಿಸುತ್ತಿತ್ತು. ನೀವೇ ಲೆಕ್ಕ ಹಾಕಿ: ಒಂದು ತೆರೆ ತುಂಬಲು 64 ಸೆಕೆಂಡು ಬೇಕು!

ಅಮೆರಿಕದ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ 1976ರಲ್ಲಿ 'ವಿಐ' ಎಂಬ ಬರಹ ತಿದ್ದುವ ಪ್ರೋಗ್ರಾಂ ರಚಿಸಿದ್ದು ಇಂತಹ ನಿಧಾನದ ಸಂಪರ್ಕದಲ್ಲೇ. ಆದ್ದರಿಂದ ಅದರ ಅಪ್ಪಣೆಗಳೆಲ್ಲ ಒಂದೆರಡು ಅಕ್ಷರದವು. ಅವರು ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳಿದ್ದದ್ದು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆ. ವಿಐ ಬಳಸುವವರು ಇಂದಿಗೂ ಆ ನಾಲ್ಕು ಕೀಲಿಗಳಿಂದಲೇ ತೆರೆಯಲ್ಲಿ ಅತ್ತಿತ್ತ ಚಲಿಸುತ್ತಾರೆ. ಆ ಯಂತ್ರ ಹೋಯಿತು, ಅದು ಕಲಿಸಿದ ಅಭ್ಯಾಸ ಉಳಿಯಿತು.

ವಿಐಗೆ ತನ್ನದೇ ಆದ ವ್ಯಾಕರಣವಿದೆ. 'ಡಿ' ಎಂದರೆ ಅಳಿಸು, ಇದು ಕ್ರಿಯಾಪದ. 'ಡಬ್ಲ್ಯು' ಎಂದರೆ ಪದ, ಇದು ನಾಮಪದ. ಎರಡನ್ನೂ ಒಂದರ ನಂತರ ಒಂದು ಒತ್ತಿದರೆ ಒಂದು ಪದ ಅಳಿಯುತ್ತದೆ. ನಡುವೆ 3 ಸೇರಿಸಿದರೆ ಮೂರು ಪದಗಳು. ಕೆಲವೇ ಅಕ್ಷರಗಳನ್ನು ಕಲಿತವರು ನೂರಾರು ಅಪ್ಪಣೆಗಳನ್ನು ತಾವೇ ಕಟ್ಟಬಲ್ಲರು. ಆದರೆ ತೆರೆಯ ಮೇಲೆ ಇದರ ಸುಳಿವೇ ಇರುವುದಿಲ್ಲ. ಹೊಸಬರು ಹೊರಬರುವ ದಾರಿಯನ್ನೂ ಕಾಣದೆ ಕಂಗಾಲಾಗುತ್ತಾರೆ. ಇಲ್ಲಿ ನೆನಪಿನ ಹೊರೆ ಪೂರ್ತಿಯಾಗಿ ಮನುಷ್ಯನದು.

ಎರಡನೆಯದು ಇದಕ್ಕೆ ತದ್ವಿರುದ್ಧ. ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ 1989ರಲ್ಲಿ ಇ-ಮೇಲ್‌ಗಾಗಿ 'ಪೈನ್' ಪ್ರೋಗ್ರಾಂ ಆರಂಭಿಸಿದಾಗ ತಜ್ಞರ ಮನಸ್ಸಿನಲ್ಲಿದ್ದವರು ಕಚೇರಿಯ ಸಾಮಾನ್ಯ ಸಿಬ್ಬಂದಿ. ಅದರ ಕೆಳಗಿನ ಎರಡು ಸಾಲುಗಳಲ್ಲಿ ಯಾವ ಕೀಲಿಯಿಂದ ಏನಾಗುತ್ತದೆಂಬುದು ಸದಾ ಕಾಣುತ್ತಿತ್ತು. ಭಾರತದಲ್ಲಿ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದ ಮೇಲೆ, ಅಕ್ಷರ ಮಾತ್ರ ಬರುವ ಶೆಲ್ ಖಾತೆ ಪಡೆದ ಅನೇಕರು ಪತ್ರ ಓದಿದ್ದು ಪೈನ್‌ನಲ್ಲೇ. ಅದರ ಬರಹದ ಭಾಗವಾದ 'ಪಿಕೋ'ವನ್ನು ಮಾದರಿಯಾಗಿಟ್ಟುಕೊಂಡು ಮುಂದೆ 'ನ್ಯಾನೋ' ಬಂತು. ಇಲ್ಲಿ ನೆನಪಿನ ಹೊರೆ ತೆರೆಯದು. ಅದಕ್ಕೆ ತೆರುವ ಬೆಲೆಯೂ ಉಂಟು: 24ರಲ್ಲಿ ಎರಡು ಸಾಲು ಸುಳಿವಿಗೇ ಮೀಸಲು.

ಮೂರನೆಯದು ಮಧ್ಯಮ ಮಾರ್ಗ. ಮೆಕ್ಸಿಕೋದ ಮಿಗೆಲ್ ಡಿ ಇಕಾಜಾ 1994ರಲ್ಲಿ ಹೊರತಂದ 'ಮಿಡ್‌ನೈಟ್ ಕಮಾಂಡರ್' ತೆರೆಯನ್ನು ಎರಡು ಭಾಗ ಮಾಡುತ್ತದೆ. ಎರಡರಲ್ಲೂ ಕಡತಗಳ ಪಟ್ಟಿ. ಎಡಗಡೆಯ ಕಡತವನ್ನು ಆರಿಸಿ ಎಫ್-5 ಒತ್ತಿ, ಒಪ್ಪಿಗೆ ಕೊಟ್ಟರೆ ಅದರ ಪ್ರತಿ ಬಲಗಡೆಗೆ ಹೋಗುತ್ತದೆ. ಎಲ್ಲಿಂದ, ಎಲ್ಲಿಗೆ ಎಂದು ಬರೆದು ತಿಳಿಸಬೇಕಿಲ್ಲ. ಎರಡೂ ಕಣ್ಣೆದುರಿಗೇ ಇವೆ. ಕೆಳಗಿನ ಒಂದೇ ಸಾಲಿನಲ್ಲಿ 1ರಿಂದ 10ರವರೆಗಿನ ಕೀಲಿಗಳ ಕೆಲಸ ಬರೆದಿರುತ್ತದೆ.

ಇವುಗಳಲ್ಲಿ ಯಾವುದು ಉತ್ತಮ? ಬಳಸುವವರು ಯಾರೆಂದು ತಿಳಿಯದೆ ಹೇಳಲಾಗದು. ದೂರದರ್ಶನದಲ್ಲಿ ತೆರೆಯ ಮೇಲೆ ಅಕ್ಷರ ಮೂಡಿಸುವಾಗ, ವೀಕ್ಷಕರು ಅದನ್ನು ಓದಿ ಮುಗಿಸುವರೇ ಎಂದು ನಾವು ಮೊದಲು ಕೇಳಿಕೊಳ್ಳುತ್ತೇವೆ. ಪ್ರೋಗ್ರಾಂ ರಚಿಸುವವರೂ ಅಷ್ಟೆ. ದಿನಕ್ಕೆ ಎಂಟು ಗಂಟೆ ತಿದ್ದುವವರಿಗೆ ವಿಐ ಕಲಿತ ಶ್ರಮ ಸಾರ್ಥಕ. ತಿಂಗಳಿಗೊಮ್ಮೆ ಒಂದು ಸಾಲು ಬದಲಿಸುವವರಿಗೆ ನ್ಯಾನೋ ಸಾಕು.

ಹಾಗಾದರೆ ಟರ್ಮಿನಲ್ ರೂಪಿಸಿದವರ ಮನಸ್ಸಿನಲ್ಲಿ ಕನ್ನಡಿಗರಿದ್ದರೇ? ಇರಲಿಲ್ಲ. ಒಂದು ಮನೆಗೆ ಒಂದು ಅಕ್ಷರ ಎಂಬ ನಿಯಮ ಇಂಗ್ಲಿಷಿಗೆ ಸರಿ. ನಮ್ಮ 'ಸ್ತ್ರೀ' ಎಂಬ ಒಂದೇ ಅಕ್ಷರವನ್ನು ನೋಡಿ. ಯೂನಿಕೋಡ್‌ನಲ್ಲಿ ಅದು ಆರು ಸಂಕೇತಗಳ ಸರಣಿ: ಮೂರು ವ್ಯಂಜನ, ಎರಡು ಹಲಂತ, ಒಂದು ಸ್ವರಚಿಹ್ನೆ. ಇದಕ್ಕೆ ಎಷ್ಟು ಮನೆ ಕೊಡಬೇಕು? ಅನೇಕ ಟರ್ಮಿನಲ್‌ಗಳಲ್ಲಿ ಈ ಲೆಕ್ಕ ತಪ್ಪಿ ಒತ್ತಕ್ಷರ ಚದುರುತ್ತದೆ, ಮಿನುಗುವ ಗುರುತು ತಪ್ಪು ಜಾಗದಲ್ಲಿ ನಿಲ್ಲುತ್ತದೆ. ಅಲ್ಲಿ ಕನ್ನಡದಲ್ಲಿ ಒಂದು ಪತ್ರ ತಿದ್ದುವುದೂ ಕಷ್ಟ. ದೋಷ ನಮ್ಮ ಲಿಪಿಯದಲ್ಲ, ಅದನ್ನು ನೆನೆಯದೆ ಹಾಕಿದ ಚೌಕಟ್ಟಿನದು. ಈ ಪ್ರೋಗ್ರಾಂಗಳಲ್ಲಿ ಹಲವು ಮುಕ್ತ ತಂತ್ರಾಂಶಗಳು. ಅವುಗಳ ಮೂಲ ಬರಹವನ್ನು ಯಾರು ಬೇಕಾದರೂ ಓದಿ ತಿದ್ದಬಹುದು.

ನಿಮ್ಮ ಕಾಲೇಜಿನಲ್ಲಿ ಲಿನಕ್ಸ್ ಗಣಕವಿದ್ದರೆ ಒಂದು ಪ್ರಯೋಗ ಮಾಡಿ. ಹತ್ತು ಸಾಲಿನ ಬರಹವೊಂದನ್ನು ಮೊದಲು ನ್ಯಾನೋದಲ್ಲಿ, ಅನಂತರ ವಿಐನಲ್ಲಿ ತಿದ್ದಿ. ಎಲ್ಲಿ ತಡವರಿಸಿದಿರಿ, ಆಗ ತೆರೆ ನಿಮಗೆ ಏನು ಹೇಳಿತು ಎಂದು ಗುರುತು ಮಾಡಿಕೊಳ್ಳಿ. ಮೂರನೆಯ ಬಾರಿ ಅದೇ ಬರಹವನ್ನು ಕನ್ನಡದಲ್ಲಿ ಬರೆದು ನೋಡಿ. ತಿದ್ದಬೇಕಾದದ್ದು ಏನೆಂದು ನಿಮಗೇ ಕಾಣುತ್ತದೆ.